ಮನೆ ಪತ್ರ ಕೊಡುವ ಮುನ್ನ ನಾಲ್ಕು ಮಾತು ಕೇಳೋಣ



ವಾರವಾರ ಉಳಿತಾಯ ಮಾಡಿ ಸಂಘದಿಂದಲೇ ಸಾಲ ಪಡೆದು ತೀರಿಸುವುದನ್ನು ನಾವು ಕಲಿತಿದ್ದೇವೆ. ಆದರೆ ಮನೆ ಕಟ್ಟಲು ಹತ್ತು ಲಕ್ಷ ಬೇಕೆಂದರೆ ಸಂಘದ ದುಡ್ಡು ಸಾಲೋದಿಲ್ಲ. ಬ್ಯಾಂಕಿಗೋ ಗೃಹಸಾಲ ಕಂಪನಿಗೋ ಹೋಗಲೇಬೇಕು. ಅಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: "ತಿಂಗಳಿಗೆ ಕಂತು ಎಷ್ಟು ಸಾರ್?" ಅದೊಂದನ್ನೇ ಕೇಳಿದರೆ ಸಾಲದು.

ಒಂದು ಲೆಕ್ಕ ನೋಡೋಣ. ಹತ್ತು ಲಕ್ಷ ಸಾಲ, 20 ವರ್ಷ ಅವಧಿ. ಬಡ್ಡಿ ಶೇ. 9 ಆದರೆ ಕಂತು ಸುಮಾರು 9,000 ರೂಪಾಯಿ. ಶೇ. 12 ಆದರೆ ಸುಮಾರು 11,000. "ಎರಡು ಸಾವಿರ ತಾನೇ" ಅಂತೀರಾ? 20 ವರ್ಷಕ್ಕೆ ಅದು ನಾಲ್ಕೂಮುಕ್ಕಾಲು ಲಕ್ಷ ದಾಟುತ್ತದೆ! ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ, ಹೀಗೆ ಕೇಳಿರಿ:

1. ಬಡ್ಡಿ ಯಾವುದರ ಮೇಲೆ? ತೀರಿಸಿದ ಹಾಗೆ ಉಳಿದ ಸಾಲದ ಮೇಲೋ, ಕೊನೆವರೆಗೂ ಪೂರ್ತಿ ಸಾಲದ ಮೇಲೋ? ಐದು ವರ್ಷದ ಸಾಲಕ್ಕೆ ಪೂರ್ತಿ ಮೊತ್ತದ ಮೇಲೆ ಶೇ. 10 ಎಂದರೆ, ಉಳಿದ ಸಾಲದ ಲೆಕ್ಕದಲ್ಲಿ ಅದು ಸುಮಾರು ಶೇ. 17.

2. ಬಡ್ಡಿ ಬದಲಾಗುತ್ತದೆಯೇ? ಬದಲಾದರೆ ಕಂತು ಹೆಚ್ಚುತ್ತದೋ, ಅವಧಿ ಹೆಚ್ಚುತ್ತದೋ?

3. ಬೇರೆ ಖರ್ಚು ಏನೇನು? ಅರ್ಜಿ ಶುಲ್ಕ, ವಕೀಲರ ಶುಲ್ಕ, ವಿಮೆ ಎಲ್ಲ ಸೇರಿಸಿ ಕೇಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಕಂಪನಿಗಳು ಇವನ್ನೆಲ್ಲ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಒಂದು ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕು. ಅದನ್ನು ಓದದೆ ಸಹಿ ಹಾಕಬೇಡಿ.

4. ಬೇಗ ತೀರಿಸಿದರೆ ದಂಡ ಉಂಟೇ? ನಮ್ಮ ಹೆಸರಿನ, ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ದಂಡ ಹಾಕುವಂತಿಲ್ಲ.

ಇನ್ನೊಂದು ಆಸೆ ತೋರಿಸುವವರೂ ಇದ್ದಾರೆ. "ನಿಮ್ಮ ಹಳೇ ಗೃಹಸಾಲ ನಾವು ತೀರಿಸ್ತೇವೆ, ಮೇಲೆ ಮೂರು ಲಕ್ಷ ಕೈಗೆ ಕೊಡ್ತೇವೆ" ಅಂತಾರೆ. ಇದನ್ನು ಟಾಪ್-ಅಪ್ ಸಾಲ ಎನ್ನುತ್ತಾರೆ. ಕೈಸಾಲಕ್ಕಿಂತ ಬಡ್ಡಿ ಕಮ್ಮಿ ಇರಬಹುದು, ನಿಜ. ಆದರೆ ಎಂಟು ವರ್ಷದಲ್ಲಿ ಮುಗಿಯಬೇಕಾದ ಸಾಲ ಮತ್ತೆ ಹದಿನೈದು ವರ್ಷಕ್ಕೆ ಎಳೆಯುತ್ತದೆ. ಮದುವೆ ಊಟದ ಖರ್ಚಿಗೂ ಮನೆಯೇ ಅಡವು ಬೀಳುತ್ತದೆ. ಮನೆ ರಿಪೇರಿ, ಮಕ್ಕಳ ಓದು, ಆದಾಯ ತರುವ ಕೆಲಸಕ್ಕಾದರೆ ಯೋಚಿಸಿ, ಆಡಂಬರಕ್ಕೆ ಬೇಡ.

ಏಕೆಂದರೆ ಮೂರು ತಿಂಗಳಿಗಿಂತ ಹೆಚ್ಚು ಕಂತು ನಿಂತರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 60 ದಿನಗಳ ನೋಟಿಸು ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ವಶಪಡಿಸಿಕೊಳ್ಳಲು 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಅಧಿಕಾರ ಕೊಟ್ಟಿದೆ. ಕಷ್ಟ ಬಂದರೆ ಅಡಗಿ ಕೂರಬೇಡಿ. ಮೊದಲ ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ಮಾತಾಡಿ.

ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳು ವಾಪಸು ಬರಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೇಳುವ ಹಕ್ಕು ನಮಗಿದೆ.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ, ಚರ್ಚಿಸಿ. ಸಾಲಕ್ಕೆ ಹೊರಟ ಸಹೋದರಿಯನ್ನು ಒಬ್ಬಳೇ ಕಳಿಸಬೇಡಿ. ಲೆಕ್ಕ ಬಲ್ಲವರೊಬ್ಬರು ಜೊತೆಗೆ ಹೋಗಿ.