ಟ್ರಕ್ಕಿನ ಅಡಿಯ ಸಪ್ಪಳವೂ ಅದರ ಪರೀಕ್ಷೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳಲ್ಲಿ ಕಬ್ಬು, ಹತ್ತಿ, ಜೋಳಗಳ ಸಾಗಾಟಕ್ಕೆ ಸ್ವಂತ ಟ್ರಕ್ಕುಗಳನ್ನಿಟ್ಟ ಭೂಮಾಲಕರಿದ್ದಾರೆ. ಇಲ್ಲಿಯ ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲೆ ಹಾಯ್ದ ರಸ್ತೆಗಳು ಬೇಗನೆ ಏರುತಗ್ಗಾಗುತ್ತವೆ; ಆ ಪೆಟ್ಟನ್ನೆಲ್ಲ ವಾಹನದ ಕಮಾನುಗಳೇ ತಾಳಬೇಕಾಗುತ್ತದೆ. ಚಕ್ಕಡಿಯ ಅಚ್ಚು ಸವೆದುದನ್ನು ಗಾಲಿಯ ಸಪ್ಪಳದಿಂದಲೇ ಗುರುತಿಸಬಲ್ಲ ಒಕ್ಕಲಿಗನು ಟ್ರಕ್ಕಿನ ಸಪ್ಪಳವನ್ನು ಮಾತ್ರ ಚಾಲಕನ ಪಾಲಿಗೆ ಬಿಟ್ಟಿರುವುದು ವಿಚಿತ್ರವೇ ಸರಿ.

ಸಪ್ಪಳವು ಎಲ್ಲಿಂದ ಬರುವುದೆಂಬುದಕ್ಕಿಂತ ಮೊದಲು ಯಾವಾಗ ಬರುವುದೆಂಬುದನ್ನು ವಿಚಾರಿಸತಕ್ಕದ್ದು. ಚಾಸಿಯ ಕಬ್ಬಿಣವು ನಾದವನ್ನು ದೂರಕ್ಕೆ ಒಯ್ಯುವುದರಿಂದ ಕಿವಿಯು ಸ್ಥಳದ ವಿಷಯದಲ್ಲಿ ಮೋಸಹೋಗುವುದು ಸಹಜ.

ಬರಿದಾದ ಟ್ರಕ್ಕು ತಗ್ಗಿನಲ್ಲಿ ಇಳಿದೇರುವಾಗ ‘ಕಟ್ ಕಟ್’ ಎಂದು, ಮಾಲು ಹೇರಿದೊಡನೆ ಸುಮ್ಮನಾದರೆ, ಕಮಾನಿನ ತುದಿಯ ಪಿನ್ನು, ಬುಶ್‌ಗಳು ಸವೆದಿರುವ ಸಂಭವವುಂಟು. ಭಾರವು ಆ ಸಂದನ್ನು ಒತ್ತಿಹಿಡಿಯುತ್ತದೆಯೇ ಹೊರತು ತುಂಬುವುದಿಲ್ಲ. ‘ಲೋಡಿಗೆ ಸಪ್ಪಳ ನಿಂತಿತು’ ಎಂಬ ಚಾಲಕನ ಮಾತಿನಿಂದ ಮಾಲಕನು ಸಮಾಧಾನಪಡಲಾಗದು. ಸವಕಳಿಯು ಭಾರದಲ್ಲಿಯೇ ಹೆಚ್ಚುತ್ತದೆ.

ಹೊರಡುವಾಗಲೂ ಬ್ರೇಕು ಒತ್ತಿದಾಗಲೂ ಒಂದೇ ಗಟ್ಟಿ ಪೆಟ್ಟು ಕೇಳಿಬಂದರೆ ಹೆಚ್ಚಿನ ಎಚ್ಚರ ಬೇಕು. ಕಮಾನುಪಟ್ಟಿಗಳನ್ನು ಅಚ್ಚಿಗೆ ಬಿಗಿಯುವ ಯು-ಬೋಲ್ಟುಗಳು ಸಡಿಲಾದರೆ ನಡುವಿನ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಹಿಂದೆಮುಂದೆ ಸರಿಯುತ್ತದೆ. ವಾಹನವು ಓರೆಯಾಗಿ ಓಡತೊಡಗುತ್ತದೆ. ಕಮಾನಿನ ಮುಂದಿನ ಪಿನ್ನಿನಿಂದ ಅಚ್ಚಿನವರೆಗಿನ ಅಂತರವನ್ನು ಎರಡೂ ಬದಿಗೆ ಟೇಪಿನಿಂದ ಅಳೆದು ನೋಡಬೇಕು. ವ್ಯತ್ಯಾಸ ಕಂಡುಬಂದರೆ ಅಂಥ ಟ್ರಕ್ಕಿಗೆ ಕಬ್ಬು ಹೇರಿ ಹೆದ್ದಾರಿಗೆ ಕಳಿಸುವುದು ಪ್ರಾಣಾಪಾಯಕರ. ಬೋಲ್ಟನ್ನಷ್ಟೇ ಬದಲಿಸಿದರೆ ಸಾಲದು, ಯು-ಬೋಲ್ಟುಗಳನ್ನೂ ಸರಿಯಾಗಿ ಬಿಗಿಸಬೇಕು. ಭಾರದ ಒಂದೆರಡು ಸಾರಿಗೆಗಳಾದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಬ್ರೇಕಿಗೆ ಸಪ್ಪಳವಿಲ್ಲದೆ, ಕ್ಲಚ್ಚು ಬಿಡುವಾಗ ಅಥವಾ ಗೇರು ಬದಲಿಸುವಾಗ ಮಾತ್ರ ಬಂದರೆ ಸಂಶಯವು ಪ್ರೊಪೆಲ್ಲರ್ ಶಾಫ್ಟಿನ ಕಡೆಗೆ ತಿರುಗಬೇಕು. ಬರಿದಾದ ಟ್ರಕ್ಕನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟು, ಎಂಜಿನ್ನು ನಿಲ್ಲಿಸಿ ಕೀಲಿಯನ್ನು ಕೈಯಲ್ಲಿಟ್ಟುಕೊಂಡು, ಗೇರು ತೆಗೆದು, ಶಾಫ್ಟನ್ನು ಕೈಯಿಂದ ತಿರುವಿ ನೋಡಬೇಕು. ಇಡೀ ಶಾಫ್ಟು ಕಿಂಚಿತ್ ಆಡುವುದು ಗೇರುಹಲ್ಲುಗಳ ಸಹಜ ಸಂದು. ಆದರೆ ಕ್ರಾಸ್ ತನ್ನ ಬಟ್ಟಲುಗಳಲ್ಲಿ ಆಡಿದರೆ, ಇಲ್ಲವೇ ಸುತ್ತಲೂ ಕೆಂಪು ತುಕ್ಕಿನ ಪುಡಿ ಕಂಡರೆ, ಗ್ರೀಸಿಲ್ಲದೆ ಅದು ಒಣಗಿದೆಯೆಂದು ತಿಳಿಯಬೇಕು. ಅದು ಮುರಿದು ಶಾಫ್ಟಿನ ಮುಂತುದಿಯು ರಸ್ತೆಗೆ ಬಿದ್ದರೆ ವಾಹನವು ಹತೋಟಿಗೆ ಬರಲಾರದು. ವೇಗದೊಂದಿಗೆ ನಡುಕವೂ ಏರಿದರೆ ಸೆಂಟರ್ ಬೇರಿಂಗನ್ನೂ ನೋಡಿಸಬೇಕು. ಜಾಕಿನ ಮೇಲೆ ಮಾತ್ರ ನಿಂತ ಟ್ರಕ್ಕಿನಡಿ ಯಾರನ್ನೂ ಮಲಗಗೊಡಬಾರದು.

ಈ ಪರೀಕ್ಷೆಗೆ ಕಬ್ಬಿನ ಸುಗ್ಗಿಗೆ ಮೊದಲಿನ ದಿನಗಳೇ ಯೋಗ್ಯ. ಕಾರ್ಖಾನೆಯ ಸರದಿಯಲ್ಲಿ ನಿಂತಾಗ ಸುಧಾರಣೆಗೆ ಸಮಯವಿರದು. ಒಡೆದ ಪಟ್ಟಿಗೆ ಬೆಸುಗೆ ಹಾಕಿಸಿ ದಿನ ತಳ್ಳುವುದುಂಟು. ಬೆಸುಗೆಯ ಕಾವಿಗೆ ಉಕ್ಕಿನ ಹದ ಕೆಟ್ಟು ಪಟ್ಟಿಯು ಅದರ ಪಕ್ಕದಲ್ಲೇ ಮತ್ತೆ ಒಡೆಯುವುದರಿಂದ ಹೊಸದನ್ನೇ ಹಾಕಿಸತಕ್ಕದ್ದು.