ತಂಡದ ಏರೋಬಿಕ್ಸ್ ಅಭ್ಯಾಸದಲ್ಲಿ ಹೃದಯ ಬಡಿತದ ಗಣನೆ

ಏರೋಬಿಕ್ಸ್ ಎಂದೊಡನೆ ಸಂಗೀತದ ಲಯಕ್ಕೆ ತಕ್ಕಂತೆ ಕೈಕಾಲು ಆಡಿಸುವ ಆರೋಗ್ಯ ವ್ಯಾಯಾಮವು ನೆನಪಿಗೆ ಬರುವುದು ಸಹಜ. ಅಮೆರಿಕದ ವೈದ್ಯ ಕೆನೆತ್ ಕೂಪರ್ ಅವರು 1968ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಹೆಸರು ಪ್ರಚಾರಕ್ಕೆ ಬಂದಿತು. ಇದರಿಂದಲೇ ಬೆಳೆದ ಏರೋಬಿಕ್ ಜಿಮ್ನಾಸ್ಟಿಕ್ಸ್ ಮಾತ್ರ ಕಠಿಣವಾದ ಸ್ಪರ್ಧಾತ್ಮಕ ಕ್ರೀಡೆ. ಇದರ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ 1995ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗುಂಪು ವಿಭಾಗದಲ್ಲಿ ಐವರು ಒಂದೂವರೆ ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಜಿಗಿತ, ತೋಳ್ಬಲದ ಚಲನೆ ಹಾಗೂ ಸಮತೋಲನಗಳನ್ನು ಬಿಡುವಿಲ್ಲದೆ ಪ್ರದರ್ಶಿಸಬೇಕಾಗುತ್ತದೆ. ಹೆಸರು ಆಮ್ಲಜನಕವನ್ನು ಸೂಚಿಸುತ್ತದೆಯಾದರೂ, ಇಷ್ಟು ತೀವ್ರವಾದ ಶ್ರಮಕ್ಕೆ ಬೇಕಾದ ಶಕ್ತಿಯ ದೊಡ್ಡ ಪಾಲು ಆಮ್ಲಜನಕದ ನೆರವಿಲ್ಲದೆಯೇ ಒದಗುತ್ತದೆ ಎಂಬುದು ಸ್ವಾರಸ್ಯದ ಸಂಗತಿ.

ಐವರ ಹೆಜ್ಜೆ ಒಂದೇ ಆಗಿರಬೇಕು. ಆದರೆ ಐವರ ಹೃದಯಗಳು ಒಂದೇ ಬಗೆಯವಲ್ಲ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಹೃದಯದ ಗರಿಷ್ಠ ಬಡಿತವನ್ನು ಅಂದಾಜು ಮಾಡಬಹುದು. ಈ ಲೆಕ್ಕದಂತೆ 20 ವರ್ಷದ ಯುವತಿಗೆ ಅದು ನಿಮಿಷಕ್ಕೆ 194. ಇದು ಸರಾಸರಿ ಮಾತ್ರ; ಹತ್ತು ಬಡಿತಗಳ ಹೆಚ್ಚುಕಡಿಮೆ ಸಾಮಾನ್ಯ. ಒಬ್ಬಳ ನಿಜವಾದ ಗರಿಷ್ಠ ಮಿತಿ 204, ಇನ್ನೊಬ್ಬಳದು 184 ಇದ್ದಿತೆನ್ನೋಣ. ಅಭ್ಯಾಸದ ನಡುವೆ ಇಬ್ಬರಿಗೂ 180 ಬಡಿತಗಳಿದ್ದರೆ, ಮೊದಲನೆಯವಳು ತನ್ನ ಮಿತಿಯ ಶೇಕಡಾ 88ರಲ್ಲಿರುತ್ತಾಳೆ, ಎರಡನೆಯವಳು ಶೇಕಡಾ 98ನ್ನು ಮುಟ್ಟಿರುತ್ತಾಳೆ. ಇಬ್ಬರಿಗೂ ಒಂದೇ ವಿರಾಮ ನೀಡಿ ಮತ್ತೆ ಕುಣಿಸುವುದು ಉಚಿತವಲ್ಲ. ಪ್ರತಿಯೊಬ್ಬಳ ನಾಡಿಯೂ ಸುಮಾರು 120ಕ್ಕೆ ಇಳಿದ ಬಳಿಕ ಮುಂದಿನ ಸುತ್ತನ್ನು ಆರಂಭಿಸುವುದು ಅನೇಕ ತರಬೇತುದಾರರು ಅನುಸರಿಸುವ ಕ್ರಮ.

ಉಪಕರಣವಿಲ್ಲದಿದ್ದರೂ ಗಣನೆ ಸಾಧ್ಯ. ಚಲನೆ ನಿಂತ ಕೂಡಲೇ ಮಣಿಕಟ್ಟಿನ ನಾಡಿಯನ್ನು 10 ಸೆಕೆಂಡು ಎಣಿಸಿ ಆರರಿಂದ ಗುಣಿಸಬೇಕು. ತಡಮಾಡಿದರೆ ಬಡಿತ ಇಳಿದುಬಿಡುತ್ತದೆ. ಎಣಿಕೆಯಲ್ಲಿ ಒಂದು ತಪ್ಪಿದರೆ ಫಲಿತಾಂಶದಲ್ಲಿ ಆರರ ವ್ಯತ್ಯಾಸವಾಗುತ್ತದೆ. ಎದೆಪಟ್ಟಿಯ ಮಾಪಕವು ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವುದರಿಂದ ಹೆಚ್ಚು ನಿಖರ. ಕೈಗಡಿಯಾರದ ಮಾಪಕವು ಬೆಳಕಿನಿಂದ ರಕ್ತದ ಹರಿವನ್ನು ಅಳೆಯುತ್ತದೆ. ತೋಳುಗಳನ್ನು ರಭಸದಿಂದ ಬೀಸುವ ಈ ಕ್ರೀಡೆಯಲ್ಲಿ ಅದು ತಪ್ಪುವ ಸಂಭವವುಂಟು.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ನಾಡಿ ನೋಡಿ ಬರೆದಿಡುವುದು ಇವೆಲ್ಲಕ್ಕಿಂತ ಸುಲಭ, ಪ್ರಯೋಜನವೋ ಅಧಿಕ. ಋತುಚಕ್ರದ ಉತ್ತರಾರ್ಧದಲ್ಲಿ ಅದು ಎರಡು ಮೂರು ಬಡಿತ ಏರುವುದು ಸ್ವಾಭಾವಿಕ. ಆದರೆ ಹಲವು ದಿನಗಳ ಕಾಲ ಏಳೆಂಟು ಬಡಿತ ಹೆಚ್ಚಾಗಿಯೇ ಉಳಿದರೆ ವಿಶ್ರಾಂತಿ ಸಾಲದೆಂದೋ, ಜ್ವರ ಬರಲಿದೆಯೆಂದೋ, ರಕ್ತಹೀನತೆ ಇದೆಯೆಂದೋ ಶಂಕಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಯುಳ್ಳವರು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ಅದೇ ಹೆಜ್ಜೆಗೆ ಹೃದಯವು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಅಂಥವಳು ತಂಡದಲ್ಲಿ ಹಿಂದೆ ಬಿದ್ದಾಗ ಸೋಮಾರಿಯೆಂಬ ಬೈಗುಳ ಕೇಳುತ್ತಾಳೆ. ಆಕೆಗೆ ಬೇಕಾಗಿರುವುದು ರಕ್ತಪರೀಕ್ಷೆ. ಎದೆನೋವು, ತಲೆಸುತ್ತು ಅಥವಾ ಬಡಿತದಲ್ಲಿ ಏರುಪೇರು ಕಂಡರೆ ಅಭ್ಯಾಸವನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ದಾಖಲೆಯ ಪುಸ್ತಕವು ಆಯಾ ಕ್ರೀಡಾಪಟು ಮತ್ತು ತರಬೇತುದಾರರ ನಡುವೆ ಮಾತ್ರ ಇರಲಿ. ಅಂಕಪಟ್ಟಿಯಂತೆ ಅದನ್ನು ಗೋಡೆಗೆ ಅಂಟಿಸಿದರೆ ಹುಡುಗಿಯರು ನಾಡಿಯನ್ನು ಕಡಿಮೆ ಮಾಡಿ ಹೇಳತೊಡಗುತ್ತಾರೆ.