ಥ್ರಾಟಲ್ ಬಾಡಿಯ ಕೂಲೆಂಟ್ ಕೊಳವೆ: ತೆಗೆದರೆ ಲಾಭವೆಷ್ಟು?

ಮಿತ್ಸುಬಿಷಿ ಮತ್ತು ಕ್ರೈಸ್ಲರ್ ಕಂಪನಿಗಳು ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದಲ್ಲಿ ಜಂಟಿಯಾಗಿ ಸ್ಥಾಪಿಸಿದ್ದ ಡೈಮಂಡ್ ಸ್ಟಾರ್ ಕಾರ್ಖಾನೆಯಿಂದ 1990ರ ದಶಕದಲ್ಲಿ ಹೊರಬಂದ ಎಕ್ಲಿಪ್ಸ್ ಟರ್ಬೋ ಕಾರುಗಳು ಇಂದಿಗೂ ಹವ್ಯಾಸಿಗಳ ಬಳಿ ಉಳಿದಿವೆ. ಆ ಕಾರ್ಖಾನೆಯಲ್ಲಿ ಮಿತ್ಸುಬಿಷಿಯ ಉತ್ಪಾದನೆ 2015ರಲ್ಲಿ ನಿಂತರೂ ಈ ಕಾರುಗಳ ಬಿಡಿಭಾಗಗಳ ಸಣ್ಣ ವ್ಯಾಪಾರ ನಿಂತಿಲ್ಲ. ಎಂಜಿನ್‌ನ ಬಿಸಿ ಕೂಲೆಂಟ್ ಥ್ರಾಟಲ್ ಬಾಡಿಯೊಳಗೆ ಹಾಯದಂತೆ ಮಾಡುವ ಪರಿಕರವೂ ಇಂಥ ಸರಕುಗಳಲ್ಲೊಂದು. ಇದರಿಂದ ಎಂಜಿನ್‌ನ ಶಕ್ತಿ ಹೆಚ್ಚುತ್ತದೆಂಬ ಪ್ರಚಾರವನ್ನು ಪರಿಶೀಲಿಸುವುದು ಅಗತ್ಯ.

ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಈ ಭಾಗಕ್ಕೆ ಬಿಸಿನೀರು ಕೊಟ್ಟಿರುವುದು ನಿಷ್ಕಾರಣವಾಗಿ ಅಲ್ಲ. ಅರೆ ತೆರೆದ ಥ್ರಾಟಲ್ ತಟ್ಟೆಯನ್ನು ದಾಟುವಾಗ ಗಾಳಿಯ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ಚಳಿಯ, ತೇವದ ದಿನಗಳಲ್ಲಿ ಅಲ್ಲಿ ಹಿಮ ಕಟ್ಟಿ ತಟ್ಟೆ ಸಿಕ್ಕಿಕೊಂಡರೆ, ಚಾಲಕ ಕಾಲು ತೆಗೆದರೂ ವೇಗ ಇಳಿಯದು.

ಕೂಲೆಂಟ್‌ನ ಉಷ್ಣತೆ ಸುಮಾರು 90 ಡಿಗ್ರಿ ಸೆಲ್ಸಿಯಸ್. ಅದು ಒಳಗಾಳಿಯನ್ನೂ ಕಾಯಿಸುತ್ತದೆಂಬ ಮಾತು ಕೇಳಲು ಸರಿಯೆನಿಸುತ್ತದೆ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2 ಲೀಟರ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 100 ಲೀಟರ್ ಗಾಳಿ ಎಳೆಯುತ್ತದೆ. ದ್ವಾರದ ವ್ಯಾಸ 60 ಮಿ.ಮೀ., ಉದ್ದ 10 ಸೆಂ.ಮೀ. ಎಂದಿಟ್ಟುಕೊಂಡರೆ ಗಾಳಿ ಅದನ್ನು ಸೆಕೆಂಡಿನ ಸಾವಿರದ ಮೂರು ಭಾಗದಷ್ಟರಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಅದು ಹೀರುವ ಶಾಖ ಅತ್ಯಲ್ಪ. ಟರ್ಬೋಚಾರ್ಜರ್ ಒಂದು ಬಾರ್ ಒತ್ತಡ ಕೊಟ್ಟರೆ ಗಾಳಿ ಅಲ್ಲಿಯೇ 100 ಡಿಗ್ರಿ ಮೀರಿ ಕಾದಿರುತ್ತದೆ. ಶಕ್ತಿ ಬಯಸುವವರು ಹಣ ಹಾಕಬೇಕಾದದ್ದು ಇಂಟರ್‌ಕೂಲರ್‌ಗೆ.

ಈ ಕಾರಿನಲ್ಲಿ ಇನ್ನೊಂದು ತೊಡಕಿದೆ. ಥ್ರಾಟಲ್ ಬಾಡಿಯ ಅಡಿಯಲ್ಲಿ ಮೇಣ ತುಂಬಿದ ಒಂದು ಕವಾಟವಿದ್ದು, ಎಂಜಿನ್ ತಣ್ಣಗಿರುವಾಗ ಅದು ಹೆಚ್ಚುವರಿ ಗಾಳಿ ಬಿಟ್ಟು ಐಡ್ಲಿಂಗ್ ವೇಗ ಏರಿಸುತ್ತದೆ. ಕೂಲೆಂಟ್ ಬಿಸಿಯಾದಂತೆ ಮೇಣ ಹಿಗ್ಗಿ ಕವಾಟ ಮುಚ್ಚುತ್ತದೆ. ಬಿಸಿನೀರು ತಲುಪದಿದ್ದರೆ ಮೇಣಕ್ಕೆ ಎಂಜಿನ್ ಕಾದದ್ದು ತಿಳಿಯುವುದು ಹೇಗೆ? ಐಡ್ಲಿಂಗ್ ಇಳಿಯದೆ ಏರುಪೇರಾಗುತ್ತದೆ, ಗ್ರಾಹಕ ಸೆನ್ಸರ್ ಬದಲಿಸಲು ಅಂಗಡಿಗೆ ಮರಳುತ್ತಾನೆ. ಆದುದರಿಂದ ಕೊಳವೆ ತಪ್ಪಿಸುವವರು ಆ ಕವಾಟದ ಗಾಳಿದಾರಿಯನ್ನೂ ಲೋಹದ ತಟ್ಟೆಯಿಂದ ಮುಚ್ಚಬೇಕಾಗುತ್ತದೆ. ಆಗ ತಣ್ಣನೆಯ ಎಂಜಿನ್ ಕೆಲಹೊತ್ತು ತಡವರಿಸಬಹುದು.

ಹಾಗೆಂದು ಈ ಕೆಲಸ ಸಂಪೂರ್ಣ ನಿರರ್ಥಕವಲ್ಲ. ಥ್ರಾಟಲ್ ಬಾಡಿಯ ಗ್ಯಾಸ್ಕೆಟ್ ಸೋರುತ್ತಿದ್ದು, ಕಾರು ಹಿಮವಿಲ್ಲದ ಪ್ರದೇಶದಲ್ಲೇ ಓಡುವುದಾದರೆ ಇದು ಸಮಂಜಸ ಪರಿಹಾರ. ಎರಡೂ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಕೂಲೆಂಟ್‌ನ ಹರಿವನ್ನು ಉಳಿಸಿಕೊಳ್ಳಬೇಕು. ಎಂಜಿನ್ ತಣ್ಣಗಾದ ಮೇಲೆಯೇ ಇದನ್ನು ಕೈಗೊಳ್ಳಬೇಕು. ಮುಗಿದ ನಂತರ ವ್ಯವಸ್ಥೆಯಲ್ಲಿ ಸಿಕ್ಕಿದ ಗಾಳಿಯನ್ನು ಹೊರಹಾಕಬೇಕು.

ಕೊಳವೆ ಸರಬರಾಜು ಮಾಡುವವರ ಪಾತ್ರ ಇಲ್ಲಿ ಚಿಕ್ಕದಲ್ಲ. ಕೂಲೆಂಟ್‌ಗೆ ಒಗ್ಗುವ ಇಪಿಡಿಎಂ ರಬ್ಬರ್ ಎಣ್ಣೆ ತಾಕಿದರೆ ಉಬ್ಬುತ್ತದೆ. ಪೆಟ್ರೋಲ್ ಕೊಳವೆಯನ್ನು ಕೂಲೆಂಟ್‌ಗೆಂದು ತಯಾರಿಸಿರುವುದಿಲ್ಲ. ಕೈಗೆ ಸಿಕ್ಕ ತುಂಡನ್ನೂ ಅಗ್ಗದ ಪ್ಲಾಸ್ಟಿಕ್ ಜೋಡಣೆಯನ್ನೂ ಬಳಸಿದಲ್ಲಿ, ಬಿಸಿಯ ಮತ್ತು ಒತ್ತಡದ ದೆಸೆಯಿಂದ ಅದು ಬಿರಿದು ಕೂಲೆಂಟ್ ಬರಿದಾಗಬಹುದು. ಆಗ ಡೊಂಕಾಗುವುದು ಅಲ್ಯೂಮಿನಿಯಂ ಸಿಲಿಂಡರ್ ಹೆಡ್. ಪರಿಕರದ ಪೊಟ್ಟಣದ ಮೇಲೆ ಕೊಳವೆಯ ರಬ್ಬರ್ ಯಾವುದು, ಕವಾಟ ಮುಚ್ಚುವ ತಟ್ಟೆ ಒಳಗಿದೆಯೇ ಎಂಬುದರ ಜೊತೆಗೆ, ಹಿಮ ಬೀಳುವ ಊರುಗಳಲ್ಲಿ ಬಳಸಕೂಡದೆಂಬ ಎಚ್ಚರಿಕೆಯನ್ನೂ ಅಚ್ಚುಹಾಕುವುದು ತಯಾರಕರ ಹೊಣೆ. ಫ್ಲಾರಿಡಾದಲ್ಲಿ ಹೀಗೆ ಮಾರ್ಪಡಿಸಿದ ಕಾರು ನಾಳೆ ಮಿನೆಸೋಟಾದ ಖರೀದಿದಾರನ ಕೈ ಸೇರಬಹುದು.